ಬದುವಿನ ಮೇಲಿನ ಅಜ್ಜಿ



ಶಿಕಾರಿಪುರದ ಪೇಟೆಯಲ್ಲಿ ಓದುತ್ತಿದ್ದ ಅನೇಕ ಮಕ್ಕಳಿಗೆ ದಸರಾ ರಜೆಯೆಂದರೆ ಸೊರಬದ ಹಳ್ಳಿಯ ಅಜ್ಜಿಮನೆ. ರಜೆಯ ಕೊನೆಗೆ ಭೂಮಿ ಹುಣ್ಣಿಮೆ ಬರುತ್ತಿತ್ತು. ಆಶ್ವಯುಜ ಮಾಸದ ಆ ಹುಣ್ಣಿಮೆಯ ವೇಳೆಗೆ ಮಲೆನಾಡಿನ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಗರ್ಭಿಣಿಯಾದ ಭೂಮಿಗೆ ಬಯಕೆಯ ಊಟ ಬಡಿಸುವುದೇ ಆ ಹಬ್ಬ.

ದೀವರ ಮನೆಗಳಲ್ಲಿ ಅಜ್ಜಿಯರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಚಿತ್ತಾರ ಬರೆಯುತ್ತಿದ್ದರು, ಇಂದಿಗೂ ಬರೆಯುವವರಿದ್ದಾರೆ. ಈ ಭೂಮಣ್ಣಿ ಬುಟ್ಟಿಯ ಚೆಲುವನ್ನು ಈಗ ಪಟ್ಟಣದವರೂ ಮೆಚ್ಚುತ್ತಾರೆ. ಬುಟ್ಟಿಯೊಳಗೆ ಏನಿತ್ತೆಂದು ಕೇಳುವವರು ಮಾತ್ರ ಕಡಿಮೆ.

ಒಳಗಿದ್ದುದು ಚರಗ. ಬಗೆಬಗೆಯ ಸೊಪ್ಪುಗಳನ್ನು ಕೂಡಿಸಿ ಬೇಯಿಸಿದ ಆ ಅಡುಗೆಗೆ ಸೊಪ್ಪು ಕೊಯ್ದು ತರುವ ಕೆಲಸ ಮಕ್ಕಳದು. ಅಜ್ಜಿ ಬದುವಿನ ಮೇಲೆ ನಿಂತು ಒಂದೊಂದಾಗಿ ಹೆಸರು ಹೇಳುವಳು: ಒಂದೆಲಗ, ಹೊನಗೊನ್ನೆ, ಚಗತೆ, ಕೆಸು, ಗಣಿಕೆ. ತಪ್ಪಾದುದನ್ನು ಕಿತ್ತರೆ ಬೈಯದೆ, ಎಲೆಯನ್ನು ಹೊಸಕಿ ಮೂಸಿ ನೋಡೆನ್ನುವಳು. ಕೆಸುವನ್ನು ಹುಳಿಯಿಲ್ಲದೆ ಬೇಯಿಸಬಾರದೆಂಬ ಎಚ್ಚರಿಕೆಯೂ ಅಲ್ಲಿಯೇ ದೊರೆಯುತ್ತಿತ್ತು. ಅದರ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳಿವೆ, ಗಂಟಲು ಕೆರೆಯುವುದು ಅವುಗಳಿಂದ ಎಂಬುದನ್ನು ಕಾಲೇಜಿನಲ್ಲಿ ಓದುವ ಎಷ್ಟೋ ವರ್ಷ ಮೊದಲೇ ಮೊಮ್ಮಕ್ಕಳು ನಾಲಗೆಯಿಂದ ತಿಳಿದಿರುತ್ತಿದ್ದರು. ಪರೀಕ್ಷೆಯಲ್ಲಿ ಅದಕ್ಕೆ ಅಂಕವಿಲ್ಲ, ಬಿಡಿ.

ಅಜ್ಜನ ಪಾಠ ನಸುಕಿನದು. ಬೆಳಕು ಹರಿಯುವ ಮುನ್ನ ದೊಂದಿ ಹಿಡಿದು ಗದ್ದೆಗೆ ಚರಗ ಬೀರಲು ಹೊರಟಾಗ ಮೊಮ್ಮಗನೂ ಬೆನ್ನ ಹಿಂದೆ. ಎಲ್ಲಿ ನೀರು ಹೆಚ್ಚು ನಿಂತಿದೆ, ಎಲ್ಲಿ ಏಡಿ ಬದುವನ್ನು ಕೊರೆದಿದೆ ಎಂಬುದನ್ನು ಅಜ್ಜ ಕಾಲಿನಿಂದಲೇ ಅರಿಯುತ್ತಿದ್ದನು.

ಇಂದು ಎರಡೂ ತಾಲ್ಲೂಕುಗಳಲ್ಲಿ ಎಷ್ಟೋ ಗದ್ದೆಗಳು ಶುಂಠಿಗೆ, ಮೆಕ್ಕೆಜೋಳಕ್ಕೆ, ಅಡಿಕೆಗೆ ತಿರುಗಿವೆ. ಭತ್ತದಿಂದ ಮನೆ ನಡೆಯದ ರೈತನಿಗೆ ಉಪದೇಶ ಬೇಕಿಲ್ಲ. ಕಳವಳವಿರುವುದು ಬದುವಿನ ಬಗೆಗೆ. ಕೂಲಿ ಉಳಿಸಲೆಂದು ಬದುವಿಗೆ ಕಳೆನಾಶಕ ಹೊಡೆದಾಗ ಸಾಯುವುದು ಅಜ್ಜಿ ಹೆಸರಿಡಿದು ಕರೆದ ಸೊಪ್ಪುಗಳೇ. ಗಿಡವೇ ಇಲ್ಲದ ಮೇಲೆ ಅವಳು ಮೊಮ್ಮಗಳಿಗೆ ತೋರಿಸುವುದಾದರೂ ಏನನ್ನು?

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ಸಮಿತಿಯು ಊರಿನ ಗಿಡಮರಗಳನ್ನೂ ಅವುಗಳ ಬಗೆಗಿನ ಜನರ ಅರಿವನ್ನೂ ದಾಖಲಿಸಬೇಕು. ವಿದ್ಯಾರ್ಥಿಗಳು ಬರುವ ಹುಣ್ಣಿಮೆಗೆ ಮುನ್ನ ಅಜ್ಜಿಯೊಡನೆ ಬದುವಿಗೆ ಹೋಗಿ, ಅವಳು ಹೇಳುವ ಹೆಸರುಗಳನ್ನು ಅವಳ ಮಾತಿನಲ್ಲಿಯೇ ಬರೆದು ಸಮಿತಿಗೆ ಒಪ್ಪಿಸಬಹುದು. ಒಂದೇ ಸೊಪ್ಪಿಗೆ ಕೇರಿಗೊಂದು ಹೆಸರಿರುತ್ತದೆ, ಎಲ್ಲವನ್ನೂ ಬರೆಯಿರಿ. ಅಜ್ಜಿಗೆ ನಡೆಯಲು ಆಗದಿದ್ದರೆ ಸೊಪ್ಪನ್ನೇ ಕೊಯ್ದು ಜಗಲಿಗೆ ತನ್ನಿ.