ಇಂಗ್ಲಿಷಿನ ಕಿರುಪದಗಳೂ ನಮ್ಮ ಮಕ್ಕಳೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವೇದಿಕೆಯಲ್ಲಿ ನಿಂತು, ಕನ್ನಡ ಪಂಡಿತರೆನಿಸಿಕೊಂಡ ನಾವು ಇಂಗ್ಲಿಷಿನ ವಿಚಾರವನ್ನು ಎತ್ತಿಕೊಂಡುದು ಕೆಲವರಿಗೆ ವಿಚಿತ್ರವಾಗಿ ತೋರೀತು. ಆದರೆ ಅದಕ್ಕೆ ಕಾರಣವುಂಟು. ನಮ್ಮ ಈ ಕಾಸರಗೋಡು ಸೀಮೆಯಲ್ಲಿ ಮಕ್ಕಳನ್ನು ಕನ್ನಡ ಮಾಧ್ಯಮಕ್ಕೆ ಸೇರಿಸುವ ಮಾತು ಬಂದಾಗಲೆಲ್ಲ ತಂದೆತಾಯಿಗಳಿಂದ ಹೊರಡುವ ಪ್ರಶ್ನೆ ಒಂದೇ: "ಮಾಷ್ಟ್ರೇ, ಕನ್ನಡದಲ್ಲಿ ಕಲಿತರೆ ಮುಂದೆ ಇಂಗ್ಲಿಷ್ ಬರುವುದು ಹೇಗೆ?" ಈ ಅಂಜಿಕೆಯನ್ನು ಜಯಘೋಷಗಳಿಂದ ಹೋಗಲಾಡಿಸಲಾಗದು, ಪಾಠದಿಂದಲೇ ಹೋಗಲಾಡಿಸಬೇಕು. ಆದುದರಿಂದ ಇಂಗ್ಲಿಷಿನಲ್ಲಿ ಅತ್ಯಂತ ಕಠಿನವೆನಿಸಿದ ಒಂದು ಭಾಗವನ್ನೇ ಇಂದು ಆರಿಸಿಕೊಂಡು, ಕನ್ನಡ ಬಲ್ಲ ಮಗುವಿಗೆ ಅದರ ಬೀಗದ ಕೈ ಮನೆಯಲ್ಲೇ ಇದೆಯೆಂದು ತೋರಿಸಲು ಯತ್ನಿಸುತ್ತೇವೆ.

ನಮ್ಮ ಹುಡುಗರಿಗೆ 'ಪೋಸ್ಟ್‌ಪೋನ್', 'ಟಾಲರೇಟ್', 'ಇನ್ವೆಸ್ಟಿಗೇಟ್' ಮೊದಲಾದ ಭಾರವಾದ ಪದಗಳು ಬಾಯಿಪಾಠವಾಗಿರುತ್ತವೆ. ಅದೇ ಅರ್ಥದ 'ಪುಟ್ ಆಫ್', 'ಪುಟ್ ಅಪ್ ವಿತ್', 'ಲುಕ್ ಇಂಟು' ಎಂಬ ಹಗುರವಾದ ನುಡಿಗಳು ಎದುರಾದರೆ ಮಾತ್ರ ತಬ್ಬಿಬ್ಬಾಗುತ್ತಾರೆ. 'ಪುಟ್' ಎಂದರೆ ಇಡು, 'ಅಪ್' ಎಂದರೆ ಮೇಲೆ, 'ವಿತ್' ಎಂದರೆ ಜೊತೆಗೆ. ಮೂರನ್ನೂ ಕೂಡಿಸಿದರೆ 'ಸಹಿಸಿಕೊಳ್ಳು' ಎಂದಾಗುವುದು ಹೇಗೆ? ಉದ್ಯೋಗಕ್ಕಾಗಿ ಅರ್ಜಿ ಹಾಕಿದ ತರುಣನೊಬ್ಬನಿಗೆ ಸಂದರ್ಶನವು 'ಕಾಲ್ಡ್ ಆಫ್' ಆಗಿದೆಯೆಂಬ ಸಂದೇಶ ಬಂದಿತೆನ್ನಿ. 'ಕಾಲ್' ಎಂದರೆ ಕರೆ ಎಂದಷ್ಟೇ ಬಲ್ಲ ಅವನು, ತನ್ನನ್ನು ಕರೆದಿದ್ದಾರೆಂದು ಹಿಗ್ಗಿ ರೈಲು ಹತ್ತಿಯಾನು! ವಾಸ್ತವವಾಗಿ ಸಂದರ್ಶನ ರದ್ದಾಗಿದೆ. ಕಿರುಪದವೊಂದು ಮನುಷ್ಯನ ದಿನವನ್ನೂ ಹಣವನ್ನೂ ನುಂಗಬಲ್ಲುದು.

ಈ ತೊಡಕು ನಮ್ಮ ಮಕ್ಕಳದು ಮಾತ್ರವೇ ಅಲ್ಲ. 1755ರಲ್ಲಿ ತನ್ನ ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಸ್ಯಾಮುಯೆಲ್ ಜಾನ್ಸನ್ ಮಹಾಶಯನು, ಕ್ರಿಯಾಪದಕ್ಕೆ ಕಿರುಪದ ಸೇರಿ ಅರ್ಥ ಬದಲಾಗುವ ಈ ಬಗೆಯೇ ಪರದೇಶೀಯರಿಗೆ ಅತಿ ಕಷ್ಟವಾದುದೆಂದು ಅದರ ಪೀಠಿಕೆಯಲ್ಲಿಯೇ ಗುರುತಿಸಿದನು. ಇಂದು ಇವನ್ನು 'ಫ್ರೇಸಲ್ ವರ್ಬ್' ಎನ್ನುತ್ತಾರೆ. 1925ರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬ ಲೇಖಕನ ಗ್ರಂಥದಲ್ಲಿ ಆ ಹೆಸರು ಬಳಕೆಗೆ ಬಂದಿತು. ನಾವು ಇವನ್ನು ಕೂಡುಕ್ರಿಯೆಗಳೆಂದು ಕರೆಯೋಣ.

ಇಂಗ್ಲಿಷಿನಲ್ಲಿ ಎರಡು ಪದರಗಳಿವೆ. ಲ್ಯಾಟಿನ್, ಫ್ರೆಂಚ್ ಭಾಷೆಗಳಿಂದ ಬಂದುದು ಕಚೇರಿಯ, ಗ್ರಂಥದ ಪದರ. ಅವರ ಸ್ವಂತ ನೆಲದ್ದು ಅಡುಗೆಮನೆಯ, ಅಂಗಳದ ಪದರ. ಕೂಡುಕ್ರಿಯೆಗಳು ಬಹುಮಟ್ಟಿಗೆ ಈ ಎರಡನೆಯದಕ್ಕೆ ಸೇರಿದವು. ನಮ್ಮಲ್ಲೂ 'ನಿರ್ವಾಪಣ' ಎಂಬುದು ಗ್ರಂಥದಲ್ಲಿದ್ದರೆ ದೀಪವನ್ನು 'ಆರಿಸು' ಎಂಬುದು ಮನೆಯಲ್ಲಿದೆಯಷ್ಟೆ. ಇನ್ನೊಂದು ಸ್ವಾರಸ್ಯವನ್ನು ನೋಡಿರಿ. ಲ್ಯಾಟಿನ್ ಮೂಲದ 'ಪೋಸ್ಟ್‌ಪೋನ್' ಎಂಬುದನ್ನು ಬಿಡಿಸಿದರೆ 'ಆಮೇಲಕ್ಕೆ ಇಡು' ಎಂದಾಗುತ್ತದೆ. 'ಪುಟ್ ಆಫ್' ಎಂದರೆ 'ಆಚೆಗೆ ಇಡು'. ನಮ್ಮ 'ಮುಂದೂಡು' ಎಂದರೆ 'ಮುಂದಕ್ಕೆ ದೂಡು'. ಭಾಷೆ ಮೂರು, ಕಣ್ಣಿಗೆ ಕಟ್ಟುವ ಚಿತ್ರ ಒಂದೇ.

ಇನ್ನು ಬೀಗದ ಕೈಗಳ ವಿಚಾರ. ಮೊದಲನೆಯದು ಉಪಸರ್ಗ. ಸಂಸ್ಕೃತದ 'ಹೃ' ಎಂಬ ಒಂದೇ ಧಾತುವು ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ ಎಂದು ಐದು ವೇಷಗಳನ್ನು ತಾಳುವುದನ್ನು ವೈಯಾಕರಣರು ಉದಾಹರಿಸುತ್ತಾರೆ. ಉಪಸರ್ಗವು ಧಾತುವಿನ ಅರ್ಥವನ್ನು ಬಲಾತ್ಕಾರವಾಗಿ ಬೇರೆಡೆಗೆ ಒಯ್ಯುತ್ತದೆ. ಸಂಸ್ಕೃತದಲ್ಲಿ ಅದು ಧಾತುವಿನ ಮುಂದೆ ನಿಲ್ಲುತ್ತದೆ, ಇಂದಿನ ಇಂಗ್ಲಿಷಿನಲ್ಲಿ ಕಿರುಪದವು ಸಾಮಾನ್ಯವಾಗಿ ಕ್ರಿಯೆಯ ಹಿಂದೆ ನಿಲ್ಲುತ್ತದೆ, ಭೇದವಿಷ್ಟೆ.

ಎರಡನೆಯದು ನಮ್ಮ ಕ್ರಿಯಾಸಮಾಸ. 'ಕೈ' ಬಲ್ಲ, 'ಕೊಡು' ಬಲ್ಲ ಪರದೇಶೀಯನೊಬ್ಬನಿಗೆ, 'ಅವನು ನಮಗೆ ಕೈಕೊಟ್ಟನು' ಎಂದರೆ ಏನು ತಿಳಿದೀತು? ಹಸ್ತಲಾಘವವೆಂದೇ ಬಗೆದಾನು! ಕೈಹಿಡಿ, ಕೈಬಿಡು, ಕೈಗೂಡು, ಕೈಮೀರು ಎಂಬವು ಒಂದೊಂದು ಒಂದೊಂದು ಅರ್ಥವನ್ನು ಕೊಡುತ್ತವೆ. ಇವನ್ನು ನಮ್ಮ ಮಕ್ಕಳು ಯಾವ ಪಟ್ಟಿಯಿಂದಲೂ ಕಲಿತವರಲ್ಲ, ಬಳಕೆಯಿಂದ ಕಲಿತವರು.

ಮೂರನೆಯದೂ ಮುಖ್ಯವಾದುದೂ ಆದ ಕೈಯೆಂದರೆ ಬಿಡು, ಹಾಕು, ಹೋಗು, ಕೊಳ್ಳು ಎಂಬ ನಮ್ಮ ಸಹಾಯಕ ಕ್ರಿಯೆಗಳು. 'ತಿನ್ನು' ಎಂಬುದಕ್ಕೂ 'ತಿಂದುಬಿಡು' ಎಂಬುದಕ್ಕೂ ಇರುವ ಅಂತರವನ್ನು ನಮ್ಮ ಐದು ವರ್ಷದ ಶಿಶುವೂ ಬಲ್ಲುದು. ಎರಡನೆಯದರಲ್ಲಿ ಕಾರ್ಯ ಪೂರ್ತಿಯಾಗುವ ಭಾವವಿದೆ. ಇಂಗ್ಲಿಷಿನ 'ಈಟ್' ಮತ್ತು 'ಈಟ್ ಅಪ್' ಎಂಬವುಗಳ ನಡುವಿನ ಅಂತರವೂ ಪ್ರಾಯಃ ಅದೇ. ನಮ್ಮ ಸೀಮೆಯ ಮಗುವಿಗೆ ಈ ಸಂಪತ್ತು ಇನ್ನೂ ಹೆಚ್ಚು. ಕನ್ನಡದಲ್ಲಿ 'ಮರೆತುಹೋಯಿತು' ಎಂದಂತೆ ತುಳುವಿನಲ್ಲಿ 'ಮದತ್ ಪೋಂಡು' ಎಂದೂ ಮಲಯಾಳದಲ್ಲಿ 'ಮರನ್ನುಪೋಯಿ' ಎಂದೂ ಅದು ಕೇಳುತ್ತದೆ. ಮರೆವಿಗೆ ಕಾಲುಗಳಿಲ್ಲ, ಆದರೂ ಮೂರು ಭಾಷೆಗಳಲ್ಲಿಯೂ ಅದು 'ಹೋಗುತ್ತದೆ'.

ಈಗ ಕೆಲವು ಕಿರುಪದಗಳನ್ನು ಪರೀಕ್ಷಿಸೋಣ. 'ಅಪ್' ಎಂಬುದಕ್ಕೆ ಮೇಲೆ ಎಂಬ ಅರ್ಥವಿದ್ದರೂ ಅನೇಕ ವೇಳೆ ಪೂರ್ಣತೆಯನ್ನು ಸೂಚಿಸುತ್ತದೆ: 'ಡ್ರಿಂಕ್ ಅಪ್ ಯುವರ್ ಮಿಲ್ಕ್' ಎಂದರೆ 'ಹಾಲನ್ನು ಕುಡಿದುಬಿಡು'. 'ಆನ್' ಎಂಬುದು ಮುಂದುವರಿಕೆಯನ್ನು ತೋರುತ್ತದೆ: 'ರೀಡ್ ಆನ್' ಎಂದರೆ 'ಓದುತ್ತ ಹೋಗು'. 'ಔಟ್' ಎಂಬುದು ಕೆಲವೆಡೆ ಬರಿದಾಗುವುದನ್ನು, ಕೆಲವೆಡೆ ಬೆಳಕಿಗೆ ಬರುವುದನ್ನು ಹೇಳುತ್ತದೆ: 'ವಿ ಹ್ಯಾವ್ ರನ್ ಔಟ್ ಆಫ್ ರೈಸ್' ಎಂದರೆ 'ನಮ್ಮಲ್ಲಿ ಅಕ್ಕಿ ಮುಗಿದುಹೋಗಿದೆ', 'ಫೈಂಡ್ ಔಟ್' ಎಂದರೆ 'ಕಂಡುಹಿಡಿ'. ಈ 'ಕಂಡುಹಿಡಿ' ಎಂಬುದೂ ಕೂಡುಕ್ರಿಯೆಯೇ ಅಲ್ಲವೆ? 'ಆಫ್' ಎಂಬುದರಲ್ಲಿ ಕಳಚುವ, ನಿಲ್ಲುವ ಭಾವವಿದೆ: 'ಟೇಕ್ ಆಫ್ ಯುವರ್ ಷರ್ಟ್' ಎಂದರೆ 'ಅಂಗಿ ಕಳಚು'. ಆದರೆ ಎಚ್ಚರಿಕೆ ಬೇಕು. 'ದಿ ಅಲಾರಂ ವೆಂಟ್ ಆಫ್' ಎಂದರೆ ಗಡಿಯಾರದ ಗಂಟೆ ನಿಂತಿತೆಂದಲ್ಲ, ಬಾರಿಸಿತೆಂದು! 'ದಿ ಮಿಲ್ಕ್ ವೆಂಟ್ ಆಫ್' ಎಂದರೆ ಹಾಲು ಕೆಟ್ಟುಹೋಯಿತೆಂದು. ಒಲವುಗಳನ್ನು ತಿಳಿಯಬಹುದು, ಆದರೆ ಪ್ರಯೋಗವನ್ನು ವಾಕ್ಯದಲ್ಲಿಯೇ ಕಾಣಬೇಕು.

ಕ್ರಿಯೆಯೊಂದಕ್ಕೆ ಹಲವು ಕಿರುಪದಗಳು ಸೇರುವುದನ್ನೂ ಗಮನಿಸಿರಿ. 'ಲುಕ್ ಆಫ್ಟರ್' ಎಂದರೆ ಪಾಲಿಸು; 'ಲುಕ್ ಫಾರ್' ಎಂದರೆ ಹುಡುಕು; 'ಲುಕ್ ಡೌನ್ ಆನ್' ಎಂದರೆ ಕೀಳಾಗಿ ಕಾಣು. ನಮ್ಮ 'ನೋಡಿಕೊಳ್ಳು' ಎಂಬುದರಲ್ಲಿಯೂ ನೋಡುವಿಕೆಯೇ ಪಾಲನೆಯಾಗಿದೆಯಷ್ಟೆ.

ಪದಗಳ ಅನುಕ್ರಮದಲ್ಲಿ ಒಂದು ನಿಯಮವುಂಟು. 'ಪುಟ್ ಆಫ್ ದ ಮೀಟಿಂಗ್' ಎನ್ನಬಹುದು, 'ಪುಟ್ ದ ಮೀಟಿಂಗ್ ಆಫ್' ಎಂದೂ ಎನ್ನಬಹುದು. ಸಭೆಯ ಬದಲು 'ಇಟ್' ಎಂಬ ಸರ್ವನಾಮ ಬಂದರೆ ಮಾತ್ರ ಅದು ನಡುವೆಯೇ ಕುಳಿತುಕೊಳ್ಳಬೇಕು: 'ಪುಟ್ ಇಟ್ ಆಫ್'. 'ಲುಕ್ ಆಫ್ಟರ್' ಮೊದಲಾದ ಕೆಲವು ಜೋಡಿಗಳಾದರೋ ಅಗಲುವುದೇ ಇಲ್ಲ; 'ಲುಕ್ ಆಫ್ಟರ್ ಹರ್' ಎಂದೇ ಆಗಬೇಕು. ಇನ್ನು 'ಲುಕ್ ಫಾರ್ವರ್ಡ್ ಟು' ಎಂಬುದರ ಮುಂದೆ 'ಮೀಟ್' ಎನ್ನದೆ 'ಮೀಟಿಂಗ್' ಎನ್ನಬೇಕು. ಕಾಗದ ಬರೆಯುವವರು ಬಹಳವಾಗಿ ಎಡವುವ ಸ್ಥಳವಿದು.

ಕಿರುಪದ ಬೇಡವಾದೆಡೆ ಅದನ್ನು ಸೇರಿಸುವುದೂ ತಪ್ಪೇ. ನಾವು ಕನ್ನಡದಲ್ಲಿ 'ವಿಷಯದ ಬಗ್ಗೆ ಚರ್ಚಿಸಿದೆವು' ಎನ್ನುತ್ತೇವೆ. ಆ 'ಬಗ್ಗೆ'ಯನ್ನು ಹಾಗೆಯೇ ಒಯ್ದು 'ಡಿಸ್ಕಸ್ ಅಬೌಟ್' ಎಂದರೆ ಇಂಗ್ಲಿಷ್ ಒಪ್ಪದು. 'ಡಿಸ್ಕಸ್' ಒಂದೇ ಸಾಕು. 'ಕೋಪ್ ಅಪ್ ವಿತ್' ಅಲ್ಲ, 'ಕೋಪ್ ವಿತ್'. 'ರಿಟರ್ನ್ ಬ್ಯಾಕ್' ಎಂಬುದು 'ಹಿಂದಕ್ಕೆ ಹಿಂತಿರುಗು' ಎಂದಂತೆ ಪುನರುಕ್ತಿ. ಕಾಲೇಜಿನ ಶಿಕ್ಷಣ ಮುಗಿಸುವುದನ್ನು ನಮ್ಮ ದೇಶದಲ್ಲಿ 'ಪಾಸ್ ಔಟ್' ಎನ್ನುವ ರೂಢಿಯಿದೆ. ಇಂಗ್ಲೆಂಡಿನವನ ಕಿವಿಗೆ ಅದು ಸಾಮಾನ್ಯವಾಗಿ ಮೂರ್ಛೆ ಹೋಗುವುದಾಗಿ ಕೇಳಿಸುತ್ತದೆ. ಎರಡು ಭಾಷೆಗಳನ್ನು ಎದುರೆದುರು ನಿಲ್ಲಿಸಿ ತೋರಿಸಿದರೆ ಮಗುವಿಗೆ ತಪ್ಪಿನ ಮೂಲವೇ ಕಾಣುತ್ತದೆ. ಕನ್ನಡವನ್ನು ಅರಿಯದ ಮಗುವಿಗೆ ಈ ಅನುಕೂಲವೆಲ್ಲಿ?

ಮನೆಯವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ನೂರು ಪದಗಳ ಪಟ್ಟಿಯನ್ನು ಉರುಹೊಡೆಯಿಸಬೇಡಿರಿ. ದಿನಕ್ಕೆ ಎರಡೇ ಕೂಡುಕ್ರಿಯೆಗಳನ್ನು ಮನೆಯ ಮಾತಿನಿಂದಲೇ ಆರಿಸಿರಿ: ಏಳುವುದು, ಉಡುವುದು, ದೀಪ ಹಾಕುವುದು, ಅಕ್ಕಿ ಮುಗಿಯುವುದು. ಮೊದಲು ಕನ್ನಡ ವಾಕ್ಯ, ತರುವಾಯ ಅದರ ಇಂಗ್ಲಿಷ್ ವಾಕ್ಯ. ಎರಡನ್ನೂ ಮಗುವೇ ಬರೆಯಲಿ. ಇಂಗ್ಲಿಷ್ ಬಾರದ ತಾಯಿಯೂ ಇದರಲ್ಲಿ ಅರ್ಧ ಪಾಠವನ್ನು ಹೇಳಿಕೊಡಬಲ್ಲಳು. ಕನ್ನಡ ವಾಕ್ಯವನ್ನು ಕೊಡುವವಳು ಅವಳೇ.

ಮಂಜೇಶ್ವರದ ಗೋವಿಂದ ಪೈಗಳು (1883–1963) ಹಲವು ಭಾಷೆಗಳನ್ನು ಬಲ್ಲವರಾಗಿದ್ದು ಕನ್ನಡದ ರಾಷ್ಟ್ರಕವಿಗಳಾದರು. ಒಂದು ಭಾಷೆಯನ್ನು ಕೈಬಿಟ್ಟು ಇನ್ನೊಂದನ್ನು ಕೈಹಿಡಿಯಬೇಕೆಂಬುದು ಈ ಮಣ್ಣಿನ ಸಂಪ್ರದಾಯವಲ್ಲ. ನಮ್ಮ ಮಕ್ಕಳು ಇಂಗ್ಲಿಷನ್ನು ಚೆನ್ನಾಗಿ ಕಲಿಯಲಿ. ಕನ್ನಡದ ನೆಲದ ಮೇಲೆ ನಿಂತು ಕಲಿಯಲಿ. ಅಂತಹ ಮಕ್ಕಳಿರುವ ತನಕ ನಮ್ಮ ಕನ್ನಡ ಶಾಲೆಗಳ ಬಾಗಿಲು ಮುಚ್ಚದು.