ಕೊನೆಯ ಮಾತ್ರೆಯವರೆಗೂ ಜೊತೆಗಿರೋಣ



ಇಂದು ಫೆಬ್ರವರಿ 11, ಲೂರ್ದು ಮಾತೆಯ ಹಬ್ಬ. 1993ರಿಂದ ವಿಶ್ವ ರೋಗಿಗಳ ದಿನವೂ ಹೌದು. ಮಾತೆಯ ದರ್ಶನ ಪಡೆದ ಸಂತ ಬೆರ್ನದೆತ್ ಫ್ರಾನ್ಸಿನ ನೆವೇರ್ ಕನ್ಯಾಮಠದಲ್ಲಿ ರೋಗಿಗಳ ಸೇವೆ ಮಾಡಿದರು. ತಾವೇ ಕ್ಷಯರೋಗದಿಂದ ನರಳಿ 1879ರಲ್ಲಿ, 35ನೆಯ ವಯಸ್ಸಿನಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಆಗ ಈ ರೋಗಕ್ಕೆ ಔಷಧವಿರಲಿಲ್ಲ. ಇಂದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿಯೇ ಸಿಗುತ್ತದೆ. ಆದರೂ ನಮ್ಮ ನಡುವೆ ಕೆಲವರು ಸೋಲುವುದೇಕೆ?

ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಮಾತ್ರೆ ನುಂಗಬೇಕು. ಕೆಲವೇ ವಾರಗಳಲ್ಲಿ ಕೆಮ್ಮು ತಗ್ಗುತ್ತದೆ. ಗುಣವಾಯಿತೆಂದು ಮಾತ್ರೆ ಬಿಟ್ಟರೆ ರೋಗ ಔಷಧಕ್ಕೂ ಬಗ್ಗದಂತೆ ಮರಳಬಹುದು. ಆದುದರಿಂದ ದಿನವೂ ಎದುರಿಗೆ ಕುಳಿತು ಮಾತ್ರೆ ಕೊಡೋಣ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣವೆಂದು ಧೈರ್ಯ ಹೇಳೋಣ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಮಾತ್ರ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯೋಣ.

ರೋಗಿಯ ತಟ್ಟೆ, ಲೋಟಗಳನ್ನು ನಾವು ಬೇರೆಯಿಟ್ಟದ್ದುಂಟು. ಈ ರೋಗ ಹರಡುವುದು ಗಾಳಿಯಿಂದ, ತಟ್ಟೆಯಿಂದಲ್ಲ. ಕೆಮ್ಮುವಾಗ ಬಾಯಿಗೆ ಬಟ್ಟೆಯಿರಲಿ, ಮನೆಯ ಕಿಟಕಿ ತೆರೆದಿರಲಿ. ಪ್ರಭು ಯೇಸು ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದರು. ನಾವು ನಮ್ಮ ಮನೆಯವರನ್ನೇ ದೂರವಿಡಬಹುದೇ?

ಲೂರ್ದು ಮಾತೆ ನಮ್ಮ ರೋಗಿಗಳಿಗಾಗಿಯೂ ಅವರ ಶುಶ್ರೂಷಕರಿಗಾಗಿಯೂ ಪ್ರಾರ್ಥಿಸಲಿ. ಆಮೆನ್.