ರಕ್ತನಾಳ ಸಡಿಲಿಸಿದ್ದು ಅನಿಲವೋ, ಲೋಹವೋ?



 ಯಂಕಂಚಿಯ ಈ ಉಪನ್ಯಾಸದ ದತ್ತಿಗೆ ಯಾರ ಹೆಸರಿದೆಯೋ ಆ ಹಿರಿಯರು ಪುರಾವೆ ಇಲ್ಲದ ಮಾತನ್ನು ಒಪ್ಪುತ್ತಿರಲಿಲ್ಲವೆಂದು ಅವರ ಮನೆಯವರು ಹೇಳಿದರು. ಇವತ್ತಿನ ವಿಷಯವನ್ನು ನಾನು ಆರಿಸಿಕೊಂಡದ್ದು ಆ ಮಾತು ಕೇಳಿದ ಮೇಲೆ.

ಕಾರ್ಬನ್ ಮೊನಾಕ್ಸೈಡ್ ವಿಷ. ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಇದು ಶಾಲೆಯ ಪುಸ್ತಕದಲ್ಲೇ ಸಿಗುತ್ತದೆ, ಬೆಳೆಸುವುದಿಲ್ಲ. ಅದೇ ಅನಿಲವನ್ನು ನಮ್ಮ ಮೈಯೂ ತಯಾರಿಸುತ್ತದೆಂದು 1949ರಲ್ಲಿ ಸ್ವೀಡನ್ನಿನ ಶೋಸ್ಟ್ರಾಂಡ್ ತೋರಿಸಿದರು. ತಯಾರಿಸುವ ಕಿಣ್ವ ಹೀಮ್ ಆಕ್ಸಿಜನೇಸ್. ಅದನ್ನು 1968ರಲ್ಲಿ ಟೆನ್‌ಹುನೆನ್, ಮಾರ್ವರ್, ಶ್ಮಿಡ್ ಗುರುತಿಸಿದರು. ಪೆಟ್ಟು ಬಿದ್ದ ಜಾಗ ಮೊದಲು ಕಂದಿ, ಆಮೇಲೆ ಹಸಿರಾಗಿ, ಹಳದಿಗೆ ತಿರುಗುವುದನ್ನು ಎಲ್ಲರೂ ನೋಡಿದ್ದೀರಿ. ಆ ಬಣ್ಣಗಳು ಬರುವುದು ಹೀಗೆ: ಈ ಕಿಣ್ವ ಹಿಮೋಗ್ಲೋಬಿನ್ನಿನ ಹೀಮ್ ಭಾಗವನ್ನು ಒಡೆದಾಗ ಹಸಿರು ಬಿಲಿವರ್ಡಿನ್, ಕಬ್ಬಿಣ ಮತ್ತು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತವೆ. ಬಿಲಿವರ್ಡಿನ್ ಮುಂದೆ ಹಳದಿ ಬಿಲಿರುಬಿನ್ ಆಗುತ್ತದೆ. ಕಿಣ್ವದ ಒಂದು ಬಗೆ ಹುಟ್ಟಿನಿಂದಲೇ ಇಲ್ಲದ ಜಪಾನಿನ ಬಾಲಕನೊಬ್ಬನ ವರದಿ 1999ರಲ್ಲಿ ಬಂತು. ಅವನ ರಕ್ತನಾಳಗಳ ಒಳಪದರ ವ್ಯಾಪಕವಾಗಿ ಹಾಳಾಗಿತ್ತು. ರಕ್ತನಾಳಕ್ಕೆ ಈ ಕಿಣ್ವ ಬೇಕೇ ಬೇಕು ಎನ್ನಲು ಇದಕ್ಕಿಂತ ನೇರ ಸಾಕ್ಷ್ಯ ನನಗೆ ಕಂಡಿಲ್ಲ.

ಒಪ್ಪಿತವಾದದ್ದು ಇಷ್ಟೆ. ಜಗಳ ಶುರುವಾಗುವುದು ಇದನ್ನು ಔಷಧ ಮಾಡಲು ಹೊರಟಾಗ.

2002ರಲ್ಲಿ ರೊಬೆರ್ಟೊ ಮೊಟ್ಟರ್ಲೀನಿ ಮತ್ತು ಸಂಗಡಿಗರು ಅನಿಲವನ್ನು ಲೋಹಕ್ಕೆ ಕಟ್ಟಿದ ಅಣುಗಳನ್ನು ಮುಂದಿಟ್ಟರು. ಇವುಗಳಲ್ಲಿ ಕೊರ್ಮ್-2 ಮತ್ತು ಆಮೇಲೆ ಬಂದ ಕೊರ್ಮ್-3 ಎಂಬ ಅಣುಗಳ ನಡುವೆ ರುಥೇನಿಯಮ್ ಇದೆ. ಇಂಥ ಅಣುಗಳಿಂದ ಇಲಿಯ ಮಹಾಧಮನಿ ಸಡಿಲಾಯಿತು, ರಕ್ತದೊತ್ತಡದ ಏರಿಕೆ ತಗ್ಗಿತು. ಉಸಿರಿಗೆ ವಿಷ ಹಾಕದೆ ಬೇಕಾದಲ್ಲಿಗೇ ಅನಿಲ ಮುಟ್ಟಿಸಬಹುದು ಎಂಬ ಆಸೆ ಹುಟ್ಟಿತು. ಈ ಅಣುಗಳ ಮೇಲೆ ಪ್ರಬಂಧಗಳು ಸಾಲುಸಾಲಾಗಿ ಬಂದವು.

ಅಣು ಎಷ್ಟು ಅನಿಲ ಬಿಡುತ್ತದೆಂದು ಅಳೆದದ್ದು ಹೇಗೆ? ಮಯೋಗ್ಲೋಬಿನ್ ದ್ರಾವಣದಲ್ಲಿ. ಆ ದ್ರಾವಣದ ಆಮ್ಲಜನಕ ತೆಗೆಯಲು ಸೋಡಿಯಮ್ ಡೈಥಯೊನೈಟ್ ಹಾಕುತ್ತಾರೆ. ಡೈಥಯೊನೈಟ್‌ನಂಥ ಗಂಧಕದ ಸಂಯುಕ್ತಗಳೇ ಅಣುವಿನಿಂದ ಅನಿಲ ಬಿಡಿಸುತ್ತವೆಂದು 2012ರಲ್ಲಿ ಶೆಫೀಲ್ಡಿನ ಮೆಕ್‌ಲೀನ್, ಮನ್, ಪೂಲ್ ತೋರಿಸಿದರು. ಅಂದರೆ ಅಳೆಯುವ ವಿಧಾನವೇ ಅನಿಲ ಬಿಡಿಸುತ್ತಿತ್ತು. ಈ ಮನ್ ಅವರು ಕೊರ್ಮ್-3ರ ಸೃಷ್ಟಿಯಲ್ಲೇ ಪಾಲಿದ್ದವರು! ತಮ್ಮದೇ ಅಣುವಿನ ಲೆಕ್ಕವನ್ನು ತಾವೇ ತಿದ್ದಿದ ಅವರ ಮೇಲೆ ನನಗೆ ಅಪಾರ ಗೌರವ. 2018ರಲ್ಲಿ ಪೂಲ್ ಅವರ ತಂಡ ಇನ್ನೂ ಮುಂದೆ ಹೋಯಿತು: ಕೊರ್ಮ್-3 ಬ್ಯಾಕ್ಟೀರಿಯಾ ಕೊಲ್ಲುವುದು ಅನಿಲದಿಂದಲ್ಲ, ಪ್ರೋಟೀನಿನ ಗಂಧಕಕ್ಕೆ ಅಂಟುವ ರುಥೇನಿಯಮ್‌ನಿಂದ.

ಬ್ಯಾಕ್ಟೀರಿಯಾದ ಮಾತು ರಕ್ತನಾಳಕ್ಕೆ ಸಲ್ಲದು ಎಂದು ಈ ಅಣುಗಳ ಪರವಾಗಿರುವವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆ ಗಂಧಕದ ಗುಂಪುಗಳು ನಾಳದ ಜೀವಕೋಶದಲ್ಲೂ ಇವೆ. ಅನಿಲ ಕಳೆದುಹೋದ ಅಣುವನ್ನು ಪಕ್ಕಕ್ಕಿಟ್ಟು ಹೋಲಿಸಿದ್ದೇವೆ, ಅದು ಕೆಲಸ ಮಾಡಲಿಲ್ಲ, ಎಂಬುದು ಅವರ ಎರಡನೇ ಉತ್ತರ. ಹಳಸಿದ ಅಣುವಿನಲ್ಲಿ ಲೋಹದ ರಾಸಾಯನಿಕ ಸ್ಥಿತಿಯೇ ಬದಲಾಗಿರುತ್ತದೆ, ಅದು ಸರಿಯಾದ ಹೋಲಿಕೆ ಹೇಗಾದೀತು? ಲೋಹ ದೇಹದಲ್ಲಿ ಸುಮ್ಮನೆ ಕೂರುವುದಿಲ್ಲವೆಂದು ತಿಳಿಯಲು ದೂರ ಹೋಗಬೇಕಿಲ್ಲ. ವಿಜಯಪುರದ ಬಿ.ಎಲ್.ಡಿ.ಇ. ವೈದ್ಯಕೀಯ ಕಾಲೇಜಿನಲ್ಲಿ ಕುಸಾಲ್ ದಾಸ್ ಮತ್ತು ಸಂಗಡಿಗರು ನಿಕ್ಕಲ್ ದೇಹಕ್ಕೆ ಮಾಡುವ ಹಾನಿಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ.

ಹಾಗೆಂದು ಎಲ್ಲವನ್ನೂ ತಳ್ಳಿಹಾಕುವವರ ಜೊತೆಗೂ ನಾನಿಲ್ಲ. 2003ರಲ್ಲಿ ಆಟರ್‌ಬೈನ್ ತಂಡ ಇಲಿಗಳಿಗೆ ಬರಿಯ ಅನಿಲವನ್ನೇ ಉಸಿರಾಡಿಸಿತು. ಬಲೂನಿನಿಂದ ಗಾಯವಾದ ಧಮನಿಯ ಒಳಗೋಡೆ ದಪ್ಪಗಾಗುವುದು ಗಣನೀಯವಾಗಿ ತಗ್ಗಿತು. ಅಲ್ಲಿ ರುಥೇನಿಯಮ್ ಇರಲಿಲ್ಲ, ಆದ್ದರಿಂದ ಆ ಫಲಿತಾಂಶ ನಿಲ್ಲುತ್ತದೆ. ಮನುಷ್ಯರ ಮಾತು ಬೇರೆ. 2005ರಲ್ಲಿ ವಿಯೆನ್ನಾದಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಕೊಟ್ಟು ಒಂದು ಗಂಟೆ 500 ಪಿಪಿಎಂ ಅನಿಲ ಉಸಿರಾಡಿಸಿದರು. ಉರಿಯೂತ ತಗ್ಗಲಿಲ್ಲ.

ಇನ್ನೊಂದು ವಾದವಿದೆ, ಅದು ನನಗೆ ಸಿಟ್ಟು ತರಿಸುತ್ತದೆ. ಬೀಡಿ-ಸಿಗರೇಟು ಸೇದುವ ಗರ್ಭಿಣಿಯರಲ್ಲಿ ರಕ್ತದೊತ್ತಡದ ಕಾಯಿಲೆ ಪ್ರಿಎಕ್ಲಾಂಪ್ಸಿಯಾ ಕಡಿಮೆ, ಅದರ ಪುಣ್ಯ ಈ ಅನಿಲಕ್ಕೆ ಸೇರಬೇಕು, ಆದ್ದರಿಂದ ಸ್ವಲ್ಪ ಹೊಗೆ ಕೇಡಲ್ಲ ಎಂಬ ಜಾಡು. ಮೊದಲ ಮಾತು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಎರಡನೆಯದು ಊಹೆ. ಮೂರನೆಯದು ಅಪಾಯ: ಅದೇ ಹೊಗೆಯಿಂದ ಕೂಸಿನ ಹುಟ್ಟುತೂಕ ಕಡಿಮೆಯಾಗುತ್ತದೆ.

ಈ ದತ್ತಿಯ ಹಿರಿಯರು ಕೇಳಬಹುದಾಗಿದ್ದ ಪ್ರಶ್ನೆ ನನ್ನದೂ ಹೌದು: ನಮ್ಮ ಸೀಮೆಯಲ್ಲಿ ಇಂಥ ಔಷಧದ ಪರೀಕ್ಷೆ ನಡೆದರೆ ಮೊದಲು ಏನು ಅಳೆಯಬೇಕು? ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು ಉರಿಸುವ ಒಲೆಯ ಮುಂದೆ ಕೂತ ತಾಯಿ ಈ ಅನಿಲವನ್ನು ಈಗಾಗಲೇ ಉಸಿರಾಡುತ್ತಿದ್ದಾಳೆ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್ ಅದನ್ನು ಆಮ್ಲಜನಕವೆಂದೇ ಓದುತ್ತದೆ. ಪರೀಕ್ಷೆಗೆ ಸೇರುವ ಪ್ರತಿಯೊಬ್ಬರ ರಕ್ತದ ಕಾರ್ಬಾಕ್ಸಿಹಿಮೋಗ್ಲೋಬಿನ್ ಪ್ರಮಾಣವನ್ನು ಔಷಧ ಮುಟ್ಟುವ ಮೊದಲು, ಒಲೆ ಹಚ್ಚಿದ ಹೊತ್ತಿನಲ್ಲೊಮ್ಮೆ ಮತ್ತು ಆರಿಸಿದ ಮೇಲೊಮ್ಮೆ, ಅಳೆಯದೆ ಬಂದ ಯಾವ ಫಲಿತಾಂಶವನ್ನೂ ನಾನು ಒಪ್ಪಲಾರೆ.